ಒಪ್ಪಿಗೆ ಕೊಟ್ಟವರು ನಿಮ್ಮ ನಾಟಕದಲ್ಲಿ ಎಲ್ಲಿದ್ದಾರೆ?

ನಮಸ್ಕಾರ.

ಫ್ರಾನ್ಸಿನ ಕ್ರಾಂತಿಯನ್ನು ಕುರಿತು ನೀವು ಕಳಿಸಿದ ಐದಂಕದ ನಾಟಕವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಬರೆದು ಸುಮ್ಮನಾಗಲೂ ಮನಸ್ಸು ಬರಲಿಲ್ಲ. ಜೈಲಿನಲ್ಲಿರುವ ಪತ್ರಕರ್ತ ಕಮೀಲ್ ಡೆಮೂಲಾ ಹೆಂಡತಿ ಲ್ಯುಸಿಲ್‌ಗೆ ಕಾಗದ ಬರೆಯುವ ದೃಶ್ಯ ಓದಿದ ಮೇಲೆ, ನಿಮಗೆ ನಾಟಕ ಬರೆಯಲು ಬರುತ್ತದೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅಲ್ಲಿ ಅವನು ಕ್ರಾಂತಿಯ ಸುದ್ದಿಯನ್ನೇ ಎತ್ತುವುದಿಲ್ಲ. ಮಗು ಹಾಲು ಕುಡಿಯಿತೇ ಎಂದು ಬರೆಯುತ್ತಾನೆ, ಹೊಡೆದುಹಾಕುತ್ತಾನೆ, ಮತ್ತೆ ಅದನ್ನೇ ಬರೆಯುತ್ತಾನೆ. ಆ ಪುಟಗಳನ್ನು ಮುಟ್ಟಬೇಡಿ. ನನ್ನ ತಕರಾರೆಲ್ಲ ಉಳಿದ ಭಾಗದ ಮೇಲೆ.

ಕ್ರಾಂತಿಯ ಮುಂದಾಳು ರೋಬೆಸ್ಪಿಯರ್ ನಿಮ್ಮಲ್ಲಿ ರಂಗಕ್ಕೆ ಕಾಲಿಟ್ಟ ಗಳಿಗೆಯಿಂದಲೇ ರಾಕ್ಷಸ. ಒಂದನೇ ಅಂಕದ ಕೊನೆಗೆ, ಅಂದರೆ ಕಥೆಯಲ್ಲಿ ಇನ್ನೂ 1791 ನಡೆಯುತ್ತಿರುವಾಗಲೇ, “ಈ ನೆಲಕ್ಕೆ ರಕ್ತದ ದಾಹವಿದೆ, ಅದನ್ನು ನಾನು ತಣಿಸುತ್ತೇನೆ” ಎಂದು ಅವನಿಂದ ಹೇಳಿಸಿದ್ದೀರಿ. ಆ ಮಾತು ಕೇಳಿದ ಪ್ರೇಕ್ಷಕ ಮುಂದೆ ತಿಳಿಯಬೇಕಾದದ್ದು ಏನಿದೆ? ಉಳಿದ ನಾಲ್ಕು ಅಂಕಗಳಲ್ಲಿ ಅವನು ಬೀಳುವ ತಲೆಗಳನ್ನು ಎಣಿಸುತ್ತ ಕೂರಬೇಕು, ಅಷ್ಟೆ.

ಆ 1791ರಲ್ಲಿ ನಿಜಕ್ಕೂ ಏನು ನಡೆಯಿತು ನೋಡಿ. ಮೇ ತಿಂಗಳಲ್ಲಿ ಅರಾಸ್ ಊರಿನ ಈ ವಕೀಲ ಸಂವಿಧಾನ ಸಭೆಯಲ್ಲಿ ಎದ್ದು ನಿಂತು, ಮರಣದಂಡನೆಯನ್ನೇ ರದ್ದು ಮಾಡಿ ಎಂದು ವಾದಿಸಿದ. ಸಭೆ ಒಪ್ಪಲಿಲ್ಲ. ಮುಂದಿನ ವರ್ಷ ಡಿಸೆಂಬರ್ 3ರಂದು ಅದೇ ಮನುಷ್ಯ, ಮರಣದಂಡನೆ ಕಂಡರೆ ತನಗೆ ಈಗಲೂ ಹೇಸಿಗೆಯೇ ಎಂದು ಹೇಳುತ್ತಲೇ, ದೇಶ ಬದುಕಬೇಕಾದರೆ ಲೂಯಿ ಸಾಯಲೇಬೇಕು ಎಂದ. ಒಂದೇ ಒಂದು ವಿನಾಯಿತಿ, ಅದೂ ರಾಜನೊಬ್ಬನ ಮಟ್ಟಿಗೆ. 1793ರ ಜನವರಿ 21ರಂದು ರಾಜನ ತಲೆ ಬಿತ್ತು. ಅದಾಗಿ ಒಂದೂವರೆ ವರ್ಷ ತುಂಬುವ ಮೊದಲೇ, 1794ರ ಜೂನ್ 10ರಂದು, ಆರೋಪಿಗೆ ವಕೀಲನೇ ಬೇಡ, ತೀರ್ಪು ಬಿಡುಗಡೆ ಇಲ್ಲವೇ ಸಾವು ಎರಡೇ ಎನ್ನುವ ಕಾನೂನು ಅವನ ಬೆಂಬಲದಿಂದಲೇ ಪಾಸಾಯಿತು. ಆ ಮೇ ತಿಂಗಳಿನಿಂದ ಈ ಜೂನ್‌ವರೆಗಿನ ದಾರಿಯಲ್ಲಿ ನಿಮ್ಮ ನಾಟಕವಿದೆ. ನೀವು ಆ ದಾರಿಯಲ್ಲಿ ಒಂದು ಹೆಜ್ಜೆಯನ್ನೂ ಇಡದೆ ಕೊನೆಗೆ ಜಿಗಿದುಬಿಟ್ಟಿದ್ದೀರಿ.

ಹೆಜ್ಜೆಗಳು ಕಾಣದಿರಲು ಇನ್ನೊಂದು ಕಾರಣ, ನಾಟಕದಲ್ಲಿ ಭಯಕ್ಕೆ ಜಾಗವೇ ಇಲ್ಲ. 1793ರ ವಸಂತದಲ್ಲಿ ಆಸ್ಟ್ರಿಯಾ, ಪ್ರಷ್ಯಾ, ಬ್ರಿಟನ್, ಸ್ಪೇನ್ ಎಲ್ಲವೂ ಫ್ರಾನ್ಸಿನ ಮೇಲೆ ಯುದ್ಧಕ್ಕೆ ನಿಂತಿದ್ದವು. ಮಾರ್ಚ್‌ನಲ್ಲಿ ಪಶ್ಚಿಮ ಫ್ರಾನ್ಸಿನ ವಾಂದೆಯ ರೈತರು ಕ್ರಾಂತಿಯ ವಿರುದ್ಧ ದಂಗೆ ಎದ್ದರು. ಗೆದ್ದುಕೊಟ್ಟ ಸೇನಾಪತಿ ಡ್ಯುಮೂರಿಯೆ ಏಪ್ರಿಲ್‌ನಲ್ಲಿ ಶತ್ರುಗಳ ಕಡೆಗೆ ಹೋಗಿಬಿಟ್ಟ. ಕ್ರಾಂತಿಯ ಶತ್ರುಗಳನ್ನು ವಿಚಾರಿಸುವ ಕ್ರಾಂತಿಕಾರಿ ನ್ಯಾಯಮಂಡಳಿ, ಮುಂದೆ ಸರ್ಕಾರವನ್ನೇ ನಡೆಸಿದ ಸಾರ್ವಜನಿಕ ಸುರಕ್ಷಾ ಸಮಿತಿ ಎರಡೂ ಹುಟ್ಟಿದ್ದು ಆ ಕೆಲವೇ ವಾರಗಳಲ್ಲಿ. ನ್ಯಾಯಮಂಡಳಿ ಬೇಕೇ ಬೇಕು ಎಂದು ಪಟ್ಟು ಹಿಡಿದವರಲ್ಲಿ ಮುಂದಿದ್ದವನು ಕ್ರಾಂತಿಯ ಇನ್ನೊಬ್ಬ ಮುಂದಾಳು ಡಾಂಟನ್. ಜನ ಭಯಂಕರರಾಗುವುದನ್ನು ತಪ್ಪಿಸಲು ನಾವೇ ಭಯಂಕರರಾಗೋಣ ಎಂದವನು ಅವನು. ಹಿಂದಿನ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ಸಿನ ಜೈಲುಗಳಿಗೆ ನುಗ್ಗಿದ ಗುಂಪುಗಳು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಕೊಂದಿದ್ದವು. ಅದನ್ನು ನೋಡಿದ್ದವರಿಗೆ ಡಾಂಟನ್‌ನ ಮಾತು ಹುಚ್ಚಾಗಿ ಕಂಡಿರಲಾರದು, ವಿವೇಕವಾಗಿಯೇ ಕಂಡಿರಬೇಕು. ನಿಮ್ಮ ಪ್ರೇಕ್ಷಕನಿಗೂ ಹಾಗೇ ಕಾಣಬೇಕು. ಅವನು ಮನಸ್ಸಿನಲ್ಲೇ ತಲೆಯಾಡಿಸಬೇಕು. ಮುಂದೆ ಅದೇ ನ್ಯಾಯಮಂಡಳಿಯ ಮುಂದೆ ಡಾಂಟನ್ ಕೈದಿಯಾಗಿ ನಿಂತಾಗ, ತಾನು ತಲೆಯಾಡಿಸಿದ್ದು ಅವನಿಗೆ ನೆನಪಾಗಬೇಕು. ನಿಮ್ಮ ಡಾಂಟನ್ ಬರೀ ಕುಡಿದು ನಗುವ ಒಳ್ಳೆಯ ಮನುಷ್ಯ. ಅವನ ಸಾವಿಗೆ ಕಣ್ಣೀರು ಬರುತ್ತದೆ, ಮೈ ನಡುಗುವುದಿಲ್ಲ.

ಇನ್ನು ನನಗೆ ತೀರಾ ನಿರಾಸೆಯಾದ ಜಾಗ. ಮೂರನೇ ಅಂಕದಲ್ಲಿ ದೂತನೊಬ್ಬ ಓಡಿ ಬಂದು “ಡಾಂಟನ್ ಬಂಧನವಾಯಿತು!” ಎನ್ನುತ್ತಾನೆ, ದೀಪ ಆರುತ್ತದೆ. ಇಡೀ ಕಥೆಯ ಅತ್ಯಂತ ದೊಡ್ಡ ದೃಶ್ಯವನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. 1794ರ ಮಾರ್ಚ್ 31. ರಾತ್ರಿ ಡಾಂಟನ್, ಡೆಮೂಲಾ ಇಬ್ಬರನ್ನೂ ಹಿಡಿದೊಯ್ದಿದ್ದಾರೆ. ಬೆಳಗ್ಗೆ ಕನ್ವೆನ್ಷನ್ ಎಂಬ ಚುನಾಯಿತ ರಾಷ್ಟ್ರೀಯ ಸಭೆಯಲ್ಲಿ ಡಾಂಟನ್‌ನ ಹಳೆಯ ಗೆಳೆಯ ಲೆಜಾಂದ್ರ ಏಳುತ್ತಾನೆ. ಕಸುಬಿನಲ್ಲಿ ಕಟುಕನಾಗಿದ್ದವನು, ಗಟ್ಟಿ ಗಂಟಲಿನವನು. ಬಂಧಿತ ಸದಸ್ಯರನ್ನು ಇಲ್ಲಿಗೇ ಕರೆಸಿ ಅವರ ಮಾತು ಕೇಳೋಣ ಎನ್ನುತ್ತಾನೆ. ಸಭೆಯಲ್ಲಿ ಗುಸುಗುಸು, ಕೆಲವರ ಬೆಂಬಲ. ಆಗ ರೋಬೆಸ್ಪಿಯರ್ ಬರುತ್ತಾನೆ. ಇತರರಿಗೆ ಕೊಡದ ವಿಶೇಷ ಸವಲತ್ತು ಡಾಂಟನ್‌ಗೇಕೆ ಎಂದು ಕೇಳುತ್ತಾನೆ. ಕೇಳುವುದಕ್ಕೆ ಎಷ್ಟು ನ್ಯಾಯವಾದ ಪ್ರಶ್ನೆ! ಆಮೇಲೆ, ಈ ಗಳಿಗೆಯಲ್ಲಿ ನಡುಗುವವನು ಯಾರೇ ಆಗಲಿ ಅಪರಾಧಿ ಎನ್ನುತ್ತಾನೆ. ಲೆಜಾಂದ್ರ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ರೋಬೆಸ್ಪಿಯರ್‌ನ ಆಪ್ತ ಸೇಂಟ್ ಜಸ್ಟ್ ಆರೋಪಪಟ್ಟಿ ಓದುತ್ತಾನೆ. ಒಬ್ಬನೂ ವಿರೋಧಿಸುವುದಿಲ್ಲ, ಸಭೆ ಒಮ್ಮತದಿಂದ ಅದನ್ನು ಅಂಗೀಕರಿಸುತ್ತದೆ.

ಸರ್ವಾಧಿಕಾರ ಬಂದದ್ದು ಹೀಗೆ. ಚುನಾಯಿತರಾದವರು, ಓದಿದವರು, ಬಹುತೇಕ ಒಳ್ಳೆಯವರು, ಹಗಲು ಹೊತ್ತಿನಲ್ಲಿ ಒಪ್ಪಿಗೆ ಕೊಟ್ಟರು. ಈ ದೃಶ್ಯಕ್ಕೆ ದೊಡ್ಡ ರಂಗಸಜ್ಜಿಕೆ ಏನೂ ಬೇಡ. ಸದಸ್ಯರನ್ನು ಪ್ರೇಕ್ಷಕರ ನಡುವೆಯೇ ಕೂರಿಸಿ, ಸಭಾಂಗಣದ ದೀಪಗಳನ್ನು ಹೊತ್ತಿಸಿಡಿ. ಲೆಜಾಂದ್ರ ಕೂತ ಮೇಲೆ ಸುತ್ತಲಿನವರು ಒಬ್ಬೊಬ್ಬರಾಗಿ ಎದ್ದು ಒಪ್ಪಿಗೆ ಕೊಡಲಿ. ಟಿಕೆಟ್ ಕೊಂಡು ಬಂದವನಿಗೆ ತಾನು ಏಳಬೇಕೋ ಬೇಡವೋ ಎನ್ನುವ ಕಸಿವಿಸಿ ಒಂದು ಕ್ಷಣವಾದರೂ ಆಗಲಿ. ಹಿಂದಿನ ರಾತ್ರಿಯ ಇನ್ನೊಂದು ಸಂಗತಿಯನ್ನೂ ಬಿಡಬೇಡಿ: ಬಂಧನದ ಆಜ್ಞೆಗೆ ಸುರಕ್ಷಾ ಸಮಿತಿಯ ಸದಸ್ಯ ರಾಬರ್ ಲ್ಯಾಂಡೆ ಸಹಿ ಹಾಕಲಿಲ್ಲ. ಆಹಾರ ಸರಬರಾಜಿನ ಹೊಣೆ ಹೊತ್ತಿದ್ದವನು ಅವನು. ಅದಕ್ಕಾಗಿ ಅವನ ತಲೆ ಹೋಗಲಿಲ್ಲ. ಅಂದರೆ ಬೇಡ ಎನ್ನಲು ಸಾಧ್ಯವಿತ್ತು. ಇದು ಗೊತ್ತಾದರೆ ಉಳಿದವರ ಸಹಿಗಳ ಭಾರವೇ ಬೇರೆಯಾಗುತ್ತದೆ.

ರೋಬೆಸ್ಪಿಯರ್ ಮತ್ತು ಡೆಮೂಲಾರನ್ನು ಮೊದಲಿನಿಂದಲೂ ವೈರಿಗಳನ್ನಾಗಿ ಮಾಡಿದ್ದೀರಿ. ಅವರು ಒಂದೇ ಶಾಲೆಯಲ್ಲಿ ಓದಿದ ಹುಡುಗರು. 1790ರ ಡಿಸೆಂಬರ್‌ನಲ್ಲಿ ಡೆಮೂಲಾನ ಮದುವೆಗೆ ಸಾಕ್ಷಿಯಾಗಿ ನಿಂತವರಲ್ಲಿ ರೋಬೆಸ್ಪಿಯರ್ ಒಬ್ಬ. ಡೆಮೂಲಾ ತನ್ನ ಪತ್ರಿಕೆಯಲ್ಲಿ ಕರುಣೆ ತೋರಿಸಿ ಎಂದು ಬರೆಯತೊಡಗಿದಾಗ, 1794ರ ಜನವರಿಯಲ್ಲಿ ಕ್ರಾಂತಿಕಾರಿಗಳ ರಾಜಕೀಯ ಕೂಟವಾದ ಜಾಕೊಬಿನ್ ಕ್ಲಬ್ಬಿನಲ್ಲಿ ರೋಬೆಸ್ಪಿಯರ್ ಅವನನ್ನು ದಾರಿ ತಪ್ಪಿದ ಮಗುವಿನಂತೆ ಗದರಿ, ಆ ಸಂಚಿಕೆಗಳನ್ನು ಸುಟ್ಟುಬಿಟ್ಟರೆ ಸಾಕು ಎಂದ. ಅದು ಗೆಳೆಯನನ್ನು ಉಳಿಸುವ ಪ್ರಯತ್ನವೂ ಹೌದು. ಡೆಮೂಲಾ ತಿರುಗಿ ಹೇಳಿದ: “ಸುಟ್ಟರೆ ಉತ್ತರ ಕೊಟ್ಟಂತಾಗುವುದಿಲ್ಲ.” ಆ ಮಾತಿನೊಂದಿಗೆ ಉಳಿಯುವ ದಾರಿ ಮುಚ್ಚಿತು. ಏಪ್ರಿಲ್ 5ರಂದು ಅವನು ಹೋದ, 13ರಂದು ಲ್ಯುಸಿಲ್ ಹೋದಳು. ನಿಮ್ಮ ಕಾಗದದ ದೃಶ್ಯಕ್ಕೆ ಈ ಗೆಳೆತನ ಹಿಂದೆ ಇದ್ದರೆ ಅದರ ಬಲ ಎಷ್ಟೋ ಪಟ್ಟು ಹೆಚ್ಚುತ್ತದೆ.

ಭಾಷೆಯ ಬಗ್ಗೆಯೂ ಹೇಳಬೇಕು. ರೊಟ್ಟಿಗಾಗಿ ಸಾಲಿನಲ್ಲಿ ನಿಂತ ಹೆಂಗಸು “ಹೇ ಸ್ವಾತಂತ್ರ್ಯದೇವಿ, ನಿನ್ನ ಅಡಿದಾವರೆಗಳಿಗೆ ಈ ರುಧಿರಾರ್ಚನೆ!” ಎನ್ನುವುದಿಲ್ಲ. “ಬೆಳಗಿನ ಜಾವದಿಂದ ನಿಂತಿದ್ದೀನಿ, ಇದೆಯೋ ಇಲ್ಲವೋ ಅಷ್ಟು ಹೇಳಿಬಿಡಿ” ಎನ್ನುತ್ತಾಳೆ. ನಿಮ್ಮಲ್ಲಿ ಎಲ್ಲರೂ ಒಂದೇ ಕನ್ನಡ ಮಾತಾಡುತ್ತಾರೆ. ರೋಬೆಸ್ಪಿಯರ್ ಭಾಷಣಗಳನ್ನು ಬರೆದುಕೊಂಡು ಬಂದು ಓದುತ್ತಿದ್ದವನು. ಅವನಿಗೆ ಗ್ರಂಥಸ್ಥ ಭಾಷೆ, ಉದ್ದ ವಾಕ್ಯಗಳು ಒಪ್ಪುತ್ತವೆ. ಡಾಂಟನ್ ಆ ಕ್ಷಣಕ್ಕೆ ಬಂದದ್ದನ್ನು ಗುಡುಗುತ್ತಿದ್ದವನು; ಅವನ ಮಾತು ಅರ್ಧಕ್ಕೆ ತುಂಡಾಗಲಿ, ಬೀದಿಯ ಶಬ್ದಗಳು ನುಗ್ಗಲಿ. ಹೆಸರು ಮುಚ್ಚಿ ಓದಿದರೂ ಯಾರ ಮಾತು ಎಂದು ತಿಳಿಯಬೇಕು.

ತಲೆ ಕಡಿಯುವ ಯಂತ್ರ ಗಿಲೋಟಿನ್ ಅನ್ನು ಆರು ಸಲ ರಂಗದ ಮೇಲೆ ತಂದಿದ್ದೀರಿ. ಹವ್ಯಾಸಿ ತಂಡದ ಕೈಯಲ್ಲಿ ಅದು ರಟ್ಟು ಮತ್ತು ಕೆಂಪು ಬಣ್ಣವಾಗುತ್ತದೆ, ಎರಡನೇ ಸಲಕ್ಕೇ ಹಿಂದಿನ ಸಾಲಿನವರು ನಗುತ್ತಾರೆ. ಜೂನ್ 10ರ ಕಾನೂನಿನ ನಂತರ ಏಳು ವಾರಗಳೊಳಗೆ ಪ್ಯಾರಿಸ್ಸೊಂದರಲ್ಲೇ 1,300ಕ್ಕೂ ಹೆಚ್ಚು ಜನರಿಗೆ ಮರಣದಂಡನೆಯಾಯಿತು. ಅದನ್ನು ಒಂದು ಮೇಜಿನಿಂದ ತೋರಿಸಿ. ಸರ್ಕಾರಿ ವಕೀಲ ಫೂಕಿಯೆ ಟ್ಯಾಂವಿಲ್ ಹೆಸರುಗಳ ಪಟ್ಟಿ ಓದುತ್ತಾ ಹೋಗಲಿ. ನೆಂಟನೆಂದು ಹೇಳಿಕೊಂಡು ಡೆಮೂಲಾನ ಬಳಿ ಕೆಲಸಕ್ಕಾಗಿ ಕಾಗದ ಬರೆದಿದ್ದವನು ಇವನೇ. ಗಿಲೋಟಿನ್ ಬೇಡವೇ ಬೇಡ.

ಟಿಪ್ಪುವಿನ ಮೂವರು ರಾಯಭಾರಿಗಳು 1788ರಲ್ಲಿ ಲೂಯಿಯ ಆಸ್ಥಾನಕ್ಕೆ ಬರುವ ಆರಂಭದೃಶ್ಯ ನಡೆದ ಸಂಗತಿಯೇ, ಕಣ್ಣಿಗೂ ಚೆನ್ನ. ಆದರೆ ಅವರು ಮುಂದೆ ಎಲ್ಲೂ ಬರುವುದಿಲ್ಲ. ಅದನ್ನು ತೆಗೆಯಿರಿ, ಅದೇ ಬೇರೊಂದು ನಾಟಕವಾದೀತು.

ಕೊನೆಯ ದೃಶ್ಯದಲ್ಲಿ ರೋಬೆಸ್ಪಿಯರ್ ಸತ್ತು ಜನ ಕುಣಿಯುತ್ತಾರೆ, ಸ್ವಾತಂತ್ರ್ಯ ಮರಳಿತೆಂದು ಹಾಡುತ್ತಾರೆ. ಅವನನ್ನು ಉರುಳಿಸಿದವರು ಯಾರು? ಲಿಯೋನ್ ನಗರದಲ್ಲಿ ಸಾಮೂಹಿಕ ಕೊಲೆ ಮಾಡಿಸಿದ ಫೂಶೆ, ಕೊಲೊ ದೆರ್ಬ್ವಾ ಅವರಲ್ಲಿದ್ದರು. ರೋಬೆಸ್ಪಿಯರ್‌ನನ್ನೂ ಜೊತೆಯ ಇಪ್ಪತ್ತೊಂದು ಜನರನ್ನೂ 1794ರ ಜುಲೈ 28ರಂದು ವಿಚಾರಣೆಯೇ ಇಲ್ಲದೆ ಕೊಂದರು. ಕಾನೂನುಬಾಹಿರರೆಂದು ಸಾರಿದ್ದರಿಂದ, ಇವರು ಅವರೇ ಹೌದೇ ಎಂದು ಗುರುತಿಸಿದರೆ ಸಾಕಿತ್ತು. ಗುರುತಿಸುವ ಕೆಲಸ ನಡೆದದ್ದು ಅದೇ ನ್ಯಾಯಮಂಡಳಿಯಲ್ಲಿ. ಕುಣಿತದ ಬದಲು ಇದನ್ನು ಬರೆಯಿರಿ.

ಇಡೀ ನಾಟಕವನ್ನು ಒಮ್ಮೆಲೇ ತಿದ್ದಲು ಹೋಗಬೇಡಿ, ಸುಸ್ತಾಗುತ್ತೀರಿ. ಮೊದಲು ಮಾರ್ಚ್ 31ರ ಸಭೆಯೊಂದನ್ನೇ ಹತ್ತು ಪುಟದೊಳಗೆ ಬರೆದು ನನಗೆ ಕಳಿಸಿ. ಅದರಲ್ಲಿ ಲೆಜಾಂದ್ರ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಗಳಿಗೆ ನಿಮ್ಮ ಕೈಗೆ ಸಿಕ್ಕಿದ್ದರೆ, ಉಳಿದ ಅಂಕಗಳ ಬಗ್ಗೆ ಇಬ್ಬರೂ ಕೂತು ಮಾತಾಡೋಣ.

ವಿಶ್ವಾಸದಿಂದ,
ಸಂಪಾದಕ