ಮೀನಿನ ತೊಟ್ಟಿ ಮತ್ತೆ ಮತ್ತೆ ಹಸಿರಾಗುತ್ತಿದೆ

ಪ್ರಶ್ನೆ: ನಮ್ಮದು 2 ಅಡಿಯ ತೊಟ್ಟಿ, ಸುಮಾರು 50 ಲೀಟರ್ ನೀರು. ಕಿಟಕಿಯ ಪಕ್ಕದಲ್ಲಿದೆ, ಲೈಟು ದಿನಕ್ಕೆ 12 ಗಂಟೆ ಉರಿಯುತ್ತದೆ. ಪೂರ್ತಿ ನೀರು ಬದಲಿಸಿದರೂ ವಾರದಲ್ಲೇ ಮತ್ತೆ ಹಸಿರು. ಏನು ಮಾಡಲಿ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಪೂರ್ತಿ ನೀರು ಚೆಲ್ಲುವುದನ್ನು ಮೊದಲು ನಿಲ್ಲಿಸಿ. ಹಸಿರಿಗೆ ಕಾರಣ ನೀರಿನಲ್ಲಿ ತೇಲುವ ಏಕಕೋಶ ಪಾಚಿ. ಬೆಳಕು, ಮಿಕ್ಕ ಆಹಾರ ಮತ್ತು ಮೀನಿನ ಮಲದಿಂದ ಬರುವ ನೈಟ್ರೇಟ್, ಫಾಸ್ಫೇಟ್ ಇರುವವರೆಗೂ ಉಳಿದ ಚೂರುಪಾರೇ ಮತ್ತೆ ಹಬ್ಬುತ್ತದೆ.

ತೊಟ್ಟಿಯನ್ನು 3–4 ದಿನ ದಪ್ಪ ಕಂಬಳಿಯಿಂದ ಮುಚ್ಚಿ, ಲೈಟು ಆರಿಸಿ. ಏರ್ ಪಂಪ್ ಮಾತ್ರ ನಿಲ್ಲಬಾರದು: ಸಾಯುವ ಪಾಚಿ ಕೊಳೆಯುವಾಗ ಆಮ್ಲಜನಕ ಹೀರುತ್ತದೆ. ಆರೋಗ್ಯವಾದ ದೊಡ್ಡ ಮೀನುಗಳು ಅಷ್ಟು ದಿನ ಉಪವಾಸ ತಡೆಯುತ್ತವೆ. ಬಳಿಕ 15 ಲೀಟರ್ ತೆಗೆದು, ಕ್ಲೋರಿನ್ ನಿವಾರಕ ಹಾಕಿದ ನಲ್ಲಿ ನೀರು ತುಂಬಿಸಿ. ಫಿಲ್ಟರ್ ಸ್ಪಂಜನ್ನು, ತೊಟ್ಟಿಯಿಂದ ಹೊರತೆಗೆದ ಆ ನೀರಿನಲ್ಲೇ ಹಿಂಡಿ. ನಲ್ಲಿ ಕೆಳಗೆ ತೊಳೆದರೆ, ಮೀನಿಗೆ ವಿಷವಾದ ಅಮೋನಿಯವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಕ್ಲೋರಿನ್‌ನಿಂದ ಸಾಯಬಹುದು, ಹಿಂದೆಯೇ ಮೀನೂ.

ಆಮೇಲೆ ಲೈಟು 6 ಗಂಟೆ ಸಾಕು, ಟೈಮರ್ ಹಾಕಿ. ಕಿಟಕಿಯ ಕಡೆಗೆ ಕಪ್ಪು ಕಾಗದ ಅಂಟಿಸಿ. ಆಹಾರ ದಿನಕ್ಕೊಮ್ಮೆ, 2 ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೆ 12 ಲೀಟರ್ ಬದಲಿಸಿ. ಹಾರ್ನ್‌ವರ್ಟ್ ಎಂಬ ನೀರುಗಿಡ ಹಾಕಿದರೆ ಪೋಷಕಾಂಶವನ್ನು ಪಾಚಿಗಿಂತ ಮೊದಲು ಅದೇ ತಿನ್ನುತ್ತದೆ.

ಪಾಚಿ ತಿನ್ನಲೆಂದು ಸಕ್ಕರ್ ಮೀನು ಬೇಡವೇ ಬೇಡ. ಅದು ಅಡಿಗೂ ಮೀರಿ ಬೆಳೆದು ತೊಟ್ಟಿಯನ್ನೇ ಕೊಳಕು ಮಾಡುತ್ತದೆ, ತೇಲುವ ಪಾಚಿಯನ್ನಂತೂ ಮುಟ್ಟುವುದಿಲ್ಲ. ಈಗಾಗಲೇ ಇದ್ದರೆ ಅಂಗಡಿಗೆ ಹಿಂದಿರುಗಿಸಿ. ದಯವಿಟ್ಟು ಕುಕ್ಕರಹಳ್ಳಿ ಕೆರೆಗೆ ಬಿಡಬೇಡಿ.