ರಸ್ತೆಯೋ, ಕುಡಿಯುವ ನೀರೋ: ಎರಡೂ ಕಡೆ ದುಡಿದವನ ಉತ್ತರ

ನಿಮ್ಮ ಪ್ರಶ್ನೆ: ಬಿಇ ಸಿವಿಲ್ ಮುಗಿದಿದೆ, ಒಂದು ಗುತ್ತಿಗೆ ಸಂಸ್ಥೆ ರಾಜ್ಯ ಹೆದ್ದಾರಿ ಕಾಮಗಾರಿಗೆ ಕರೆದಿದೆ, ಇನ್ನೊಂದು ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ. ಎರಡರಲ್ಲೂ ಕೆಲಸ ಮಾಡಿದವರು ಯಾವುದನ್ನು ಆರಿಸುತ್ತೀರಿ?

ನೀರಿನ ಕೆಲಸವನ್ನು. ಆದರೆ ಒಂದು ಷರತ್ತಿನ ಮೇಲೆ. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಶುರು ಮಾಡಿದ್ದು ರಸ್ತೆಯಲ್ಲಿ, ಗದಗ–ಹಾವೇರಿ ಕಡೆಯ ಎರೆ ಭೂಮಿಯಲ್ಲಿ. ಮೊದಲು ಗುತ್ತಿಗೆದಾರರ ಪ್ರಯೋಗಾಲಯ, ನಂತರ ಸೈಟ್. ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಆ ಮಣ್ಣಿನ ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಸಿ ಸಿಬಿಆರ್ (ಮಣ್ಣಿನ ಭಾರ ಹೊರುವ ಬಲ ಅಳೆಯುವ) ಪರೀಕ್ಷೆ ಮಾಡಿದರೆ ಶೇಕಡ 2–3ರ ಆಸುಪಾಸಿನಲ್ಲೇ ನಿಲ್ಲುವುದುಂಟು. ಹಾಗಾಗಿ ಅಲ್ಲಿ ರಸ್ತೆಯ ಆಯುಷ್ಯ ಕಣ್ಣಿಗೆ ಕಾಣುವ ಡಾಂಬರಿನಲ್ಲಿಲ್ಲ. ಅಡಿಯಲ್ಲಿ ಹಾಕಿದ ಗರಸು, ನೀರು ಬಸಿದು ಹೋಗುವ ಜೆಲ್ಲಿ ಪದರ, ಪಕ್ಕದ ಚರಂಡಿ ಮತ್ತು ಮೋರಿಗಳಲ್ಲಿದೆ. ಏಳು ಮೀಟರ್ ಅಗಲದ ರಸ್ತೆಗೆ ನಡುವಿನಿಂದ ಎರಡೂ ಅಂಚಿಗೆ ಶೇಕಡ 2.5ರ ಇಳಿಜಾರು ಕೊಟ್ಟರೆ ನಡುಭಾಗ ಅಂಚಿಗಿಂತ ಒಂಬತ್ತು ಸೆಂಟಿಮೀಟರ್‌ನಷ್ಟು ಎತ್ತರವಿರುತ್ತದೆ. ಈ ಒಂಬತ್ತು ಸೆಂಟಿಮೀಟರ್‌ಗಾಗಿ ನೆಲ ಹದಗೊಳಿಸುವ ಗ್ರೇಡರ್ ಯಂತ್ರದ ಚಾಲಕನೊಂದಿಗೆ ಜಗಳವಾಡಲು ಕಲಿತವನೇ ರಸ್ತೆ ಇಂಜಿನಿಯರ್. ಅಂಚಿನ ಮಣ್ಣು ರಸ್ತೆಗಿಂತ ಎತ್ತರ ಬೆಳೆದು ನೀರು ಡಾಂಬರಿನ ಮೇಲೆಯೇ ನಿಂತರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ.

ರಸ್ತೆ ಕೆಲಸ ಗಡಿಯಾರ ಮತ್ತು ಥರ್ಮಾಮೀಟರ್‌ನ ಶಿಸ್ತನ್ನೂ ಕಲಿಸುತ್ತದೆ. ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಪ್ಲಾಂಟ್‌ನಲ್ಲಿ 150–165 ಡಿಗ್ರಿಯಲ್ಲಿ ತಯಾರಾಗುತ್ತದೆ; 140ಕ್ಕಿಂತ ತಣ್ಣಗಾಗಿ ಬಂದ ಲಾರಿಯನ್ನು ಡಾಂಬರು ಹಾಸುವ ಪೇವರ್‌ಗೆ ಸುರಿಯಲು ಬಿಡಬಾರದು, 90ಕ್ಕೆ ಇಳಿಯುವ ಮೊದಲು ರೋಲರ್ ಕೆಲಸ ಮುಗಿಯಬೇಕು. ದಾರಿಯಲ್ಲಿ ಜಾತ್ರೆಯ ಸಂದಣಿಗೆ ಸಿಕ್ಕಿ ತಡವಾದ ಲಾರಿಯನ್ನು ವಾಪಸ್ ಕಳುಹಿಸುವ ಧೈರ್ಯ ಪುಸ್ತಕದಿಂದ ಬರುವುದಿಲ್ಲ.

ಹೀಗಿದ್ದೂ ನೀರನ್ನೇ ಏಕೆ ಆರಿಸುತ್ತೇನೆ? ರಸ್ತೆಯಲ್ಲಿ ಕೆಟ್ಟ ಕೆಲಸ ಹೊರಬೀಳಲು ಒಂದು ಮಳೆಗಾಲವಾದರೂ ಬೇಕು. ಅಷ್ಟರಲ್ಲಿ ಅಳತೆ ಪುಸ್ತಕ ಬರೆದಾಗಿರುತ್ತದೆ, ಬಿಲ್ ಆಗಿರುತ್ತದೆ, ನೀವು ಬೇರೆ ಸೈಟ್‌ಗೆ ಹೋಗಿರುತ್ತೀರಿ. ನಿಮ್ಮ ಕೆಲಸದ ಫಲ ನಿಮಗೇ ಗೊತ್ತಾಗುವುದಿಲ್ಲ. ಪೈಪ್‌ಲೈನ್‌ನಲ್ಲಿ ಹಾಗಲ್ಲ. ನೀರು ತುಂಬಿಸಿ ದಿನನಿತ್ಯದ ಒತ್ತಡಕ್ಕಿಂತ ಹೆಚ್ಚಿನ ಒತ್ತಡಕ್ಕೆ ಏರಿಸಿ ನಿಲ್ಲಿಸಿದರೆ, ಯಾವ ಜಾಯಿಂಟ್ ಸರಿಯಾಗಿ ಕೂತಿಲ್ಲ, ಯಾವ ತಿರುವಿನಲ್ಲಿ ಆಧಾರದ ಕಾಂಕ್ರೀಟ್ ಹಾಕಿಲ್ಲ ಎಂಬುದು ಅದೇ ದಿನ ತಿಳಿದುಬಿಡುತ್ತದೆ. ಹೊಸಬರಿಗೆ ಇದಕ್ಕಿಂತ ಬೇಗ ಕಲಿಸುವ ಮೇಷ್ಟ್ರು ಇಲ್ಲ.

ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಮೂರು ಸಾವಿರ ಜನರ ಊರಿಗೆ 1,65,000 ಲೀಟರ್. ಕಾಗದದ ಮೇಲೆ ಇದು ಸಣ್ಣ ಗುಣಾಕಾರ. ಊರಿನಲ್ಲಿ ಮಾತ್ರ ಟ್ಯಾಂಕ್ ಹತ್ತಿರದ ಮನೆಗಳಲ್ಲಿ ಕೊಡಗಳು ತುಂಬಿ ಹರಿಯುವಾಗ ದಿಬ್ಬದ ಮೇಲಿನ ಕೊನೆಯ ಮನೆಯ ನಲ್ಲಿಯಿಂದ ಬರೀ ಗಾಳಿ ಬರುತ್ತಿರುತ್ತದೆ. ಕಾರಣ ನೆಲದ ಮಟ್ಟವಿರಬಹುದು, ಪೈಪಿನ ವ್ಯಾಸವಿರಬಹುದು, ಉಬ್ಬಿನಲ್ಲಿ ಏರ್ ವಾಲ್ವ್ ಇಲ್ಲದೆ ಸಿಕ್ಕಿಕೊಂಡ ಗಾಳಿಯಿರಬಹುದು, ಯಾರೋ ನಲ್ಲಿಗೇ ಮೋಟಾರ್ ಹಚ್ಚಿರಬಹುದು. ಯಾವುದು ಎಂದು ಮೊದಲು ಹೇಳಬಲ್ಲವನು ಗ್ರಾಮ ಪಂಚಾಯಿತಿಯ ನೀರುಗಂಟಿ. ನಕ್ಷೆ ಬಿಚ್ಚುವ ಮುನ್ನ ಅವನ ಜೊತೆ ಕುಳಿತು ಚಹಾ ಕುಡಿಯಿರಿ.

ನೀರಿನ ಗುಣಮಟ್ಟದ್ದು ಇನ್ನೊಂದು ಪ್ರಪಂಚ. ಮುಂಡರಗಿ, ಪಾವಗಡ, ಬಾಗೇಪಲ್ಲಿ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹಳೆಯ ಪೀಡೆ. ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5. ಕುದಿಸಿದರೆ ಅದು ಹೋಗುವುದಿಲ್ಲ. ನದಿ ಅಥವಾ ಜಲಾಶಯದಿಂದ ಹತ್ತಾರು ಕಿಲೋಮೀಟರ್ ನೀರು ತರುವ ಬಹುಗ್ರಾಮ ಯೋಜನೆಗಳಿಗೆ ಇದೂ ಒಂದು ಕಾರಣ. ಅಂಥ ಯೋಜನೆಯಲ್ಲಿ ಪಂಪ್ ಓಡುತ್ತಿರುವಾಗ ಕರೆಂಟ್ ಹೋದರೆ ಏರುಕೊಳವೆಯ ನೀರು ಹಿಂದಕ್ಕೆ ನುಗ್ಗಿ ಹೊಡೆಯುವ ಹೊಡೆತವನ್ನು ಒಮ್ಮೆ ಕೇಳಿದರೆ, ಕಾಲೇಜಿನಲ್ಲಿ ಬೇಸರದಿಂದ ಬರೆದುಕೊಂಡ ವಾಟರ್ ಹ್ಯಾಮರ್ ಪಾಠ ಜನ್ಮದಲ್ಲಿ ಮರೆಯುವುದಿಲ್ಲ.

ಎರಡೂ ಕಡೆ ಇದ್ದುದರಿಂದ ಎರಡೂ ಕಡೆಯ ಬೈಗುಳ ನನಗೆ ಸಿಕ್ಕಿದೆ. ಹೊಸ ರಸ್ತೆಯನ್ನು ಪೈಪಿನವರು ಅಗೆಯುತ್ತಾರೆ, ಹಾಕಿದ ಪೈಪನ್ನು ರಸ್ತೆಯವರ ಜೆಸಿಬಿ ಒಡೆಯುತ್ತದೆ. ರಸ್ತೆ ಮಾಡುವಾಗಲೇ ಅಡ್ಡಲಾಗಿ ಖಾಲಿ ಕವಚದ ಪೈಪುಗಳನ್ನು ಹೂತಿಟ್ಟರೆ ಮುಂದೆ ಅಗೆಯುವ ಪ್ರಮೇಯವೇ ಬರುವುದಿಲ್ಲ. ಖರ್ಚು ಹೆಚ್ಚೇನಲ್ಲ, ಎರಡು ಇಲಾಖೆಗಳ ಅಂದಾಜು ಪಟ್ಟಿಗಳು ಒಂದೇ ಮೇಜಿನ ಮೇಲೆ ಬರಬೇಕು, ಅಷ್ಟೇ. ಅದು ಆಗುವುದು ಅಪರೂಪ. ಅಗೆದ ಕಂದಕವನ್ನು ಪದರ ಪದರವಾಗಿ ದಮ್ಮಸು ಮಾಡದೆ ಒಂದೇ ಸಲ ಮಣ್ಣು ತುಂಬಿದರೆ ಮೊದಲ ಮಳೆಗೇ ಕುಸಿಯುತ್ತದೆ ಎಂದು ಪೈಪಿನ ತಂಡಕ್ಕೆ ನಾನು ಹೇಳುತ್ತಿದ್ದುದು ರಸ್ತೆಯಲ್ಲಿ ಕಲಿತ ಪಾಠದಿಂದಲೇ.

ಈಗ ಆ ಷರತ್ತು. ಸಂದರ್ಶನದಲ್ಲಿ ನೇರವಾಗಿ ಕೇಳಿ: ನಿಮ್ಮನ್ನು ಯೋಜನೆ ಚಾಲನೆಯಾಗಿ ನೀರು ಬಿಡುವ ಹಂತದವರೆಗೂ ಇಟ್ಟುಕೊಳ್ಳುತ್ತಾರೆಯೇ, ಅಥವಾ ದಿನಕ್ಕೆ ಇಷ್ಟು ಮೀಟರ್ ಪೈಪ್ ಹೂಳಿಸಿ ಮುಂದಿನ ಊರಿಗೆ ಕಳುಹಿಸುತ್ತಾರೆಯೇ? ಎರಡನೆಯದಾದರೆ ರಸ್ತೆಗೇ ಹೋಗಿ, ಅಲ್ಲಿಯೂ ಬಿಲ್ಲಿಂಗ್ ಕೋಣೆಯ ಬದಲು ಗುಣಮಟ್ಟ ಪ್ರಯೋಗಾಲಯ ಕೇಳಿ. ಸೇರುವ ಮುನ್ನ ನೆಲದ ಏರುತಗ್ಗು ಅಳೆಯುವ ಆಟೋ ಲೆವೆಲ್‌ನಲ್ಲಿ ಕೈ ಪಳಗಿಸಿಕೊಳ್ಳಿ, ಎರಡೂ ಕಡೆ ಅನ್ನ ಹಾಕುವುದು ಅದೇ. ನೀರಿನ ಪೈಪ್ ಜಾಲದ ಲೆಕ್ಕ ಹಾಕುವ ತಂತ್ರಾಂಶಗಳಾದ ಎಪಾನೆಟ್ ಮತ್ತು ಐಐಟಿ ಬಾಂಬೆಯವರ ಜಲತಂತ್ರ ಎರಡೂ ಉಚಿತ. ನಿಮ್ಮ ಊರಿನ ನಲ್ಲಿ ಜಾಲವನ್ನೇ ಅವುಗಳಲ್ಲಿ ಬಿಡಿಸಿ ನೋಡಿ.

ಸಂಬಳದ ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸರ್ಕಾರಿ ಬಿಲ್ ತಡವಾದಾಗಲೂ ಸಂಬಳ ತಿಂಗಳು ತಿಂಗಳು ಬರುತ್ತದೆಯೇ ಎಂದು ಆ ಸಂಸ್ಥೆಯ ಸೈಟ್‌ನಲ್ಲಿರುವ ಕಿರಿಯ ಇಂಜಿನಿಯರನ್ನು ವಿಚಾರಿಸಿ, ಎಚ್‌ಆರ್ ವಿಭಾಗದವರನ್ನಲ್ಲ.