ಹಳೆ ಮಾಡೆಲ್ ವಿಮಾನದ ಹೊದಿಕೆ ತೆಗೆಯೋಕೆ ಹೀಟ್ ಗನ್ ಒಳ್ಳೆಯದಾ, ತಿನ್ನರ್ ಒಳ್ಳೆಯದಾ?

ಎರಡೂ ಬೇಡ. ಅಜ್ಜನ ಬಾಲ್ಸಾ (ಹಗುರ ಮರ) ವಿಮಾನ, ಹರಿದ ಟಿಶ್ಯೂ ಕಾಗದದ ಹೊದಿಕೆ, ಪೂರ್ತಿ ಕಿತ್ತು ಹೊಸದು ಹಾಕಬೇಕು, ಅದೂ ಬೇಗ ಆಗಬೇಕು ಅಂತ ಕೇಳಿದ್ದೀರಿ. ಆ ‘ಬೇಗ’ ಓದಿದಾಗಲೇ ನನಗೆ ಭಯ ಆಯಿತು.

ನಮ್ಮದು ವಿರಾಜಪೇಟೆ ಕಡೆ. ಏರ್‌ಫೋರ್ಸ್‌ನಲ್ಲಿದ್ದ ದೊಡ್ಡಪ್ಪ ರಜೆಗೆ ಬಂದಾಗ ಕಟ್ಟಿದ ವಿಮಾನ ಅಟ್ಟದಲ್ಲಿ ಒಲೆ ಹೊಗೆ ಕುಡಿದು ಕಂದಾಗಿ ಕೂತಿತ್ತು. ಆಯುಧ ಪೂಜಿಸುವ ಕೈಲ್ ಮುಹೂರ್ತದ ದಿನ ಕೋವಿ, ಒಡಿಕತ್ತಿಗಳ ಪಕ್ಕ ಅದಕ್ಕೂ ಹೂವಿಟ್ಟು ದೊಡ್ಡಪ್ಪನಿಗೆ ತೋರಿಸಬೇಕು ಅಂತ ನನಗೆ ಆಸೆ. ಹಬ್ಬ ಸೆಪ್ಟೆಂಬರ್ ಶುರುವಿನಲ್ಲಿ, ಹಾಗಾಗಿ ಕೆಲಸವೆಲ್ಲ ಆಗಸ್ಟ್‌ನಲ್ಲಿ. ಕೊಡಗಿನ ಆಗಸ್ಟ್ ಗೊತ್ತಲ್ವಾ, ಒಲೆ ಮೇಲೆ ಕಟ್ಟಿದ ಬಟ್ಟೆಯೂ ಒಣಗಲ್ಲ.

ಟಿಶ್ಯೂ ಚೂರುಚೂರಾಗಿ ಬರುತ್ತಿತ್ತು. ಉಗುರಲ್ಲಿ ಕೆರೆದರೆ ಬಾಲ್ಸಾದ ನಾರೂ ಜೊತೆಗೇ ಏಳುತ್ತಿತ್ತು. ತಾಳ್ಮೆ ಕೆಟ್ಟು, ಪೇಂಟ್ ಅಂಗಡಿಯಿಂದ ತಿನ್ನರ್ ತಂದು, ಬಟ್ಟೆಯನ್ನು ಅದರಲ್ಲಿ ಅದ್ದಿ ಇಡೀ ರೆಕ್ಕೆ ಮೇಲೆ ಹಾಸಿಬಿಟ್ಟೆ. ಹೊದಿಕೆ ಬೇಯಿಸಿದ ಗೆಣಸಿನ ಸಿಪ್ಪೆ ಹಾಗೆ ಜಾರಿ ಬಂತು.

ಎಡವಿದ್ದು ಇಲ್ಲೇ, ಇದನ್ನು ಬಿಡಿಸಿ ಹೇಳ್ತೀನಿ. ಟಿಶ್ಯೂ ಬಿಗಿಯಾಗಲಿ ಅಂತ ಮೇಲೆ ಬಳಿದಿದ್ದ ಡೋಪ್ ಅನ್ನುವ ವಾರ್ನಿಷ್ ನೈಟ್ರೋಸೆಲ್ಯುಲೋಸ್‌ನದು. ಆ ಕಾಲದ ಬಾಲ್ಸಾ ಸಿಮೆಂಟ್ ಅಂತ ಸಿಗುತ್ತಿದ್ದ ಅಂಟೂ ಅದೇ ಜಾತಿ. ಒಂದನ್ನು ಕರಗಿಸುವ ತಿನ್ನರ್ ಇನ್ನೊಂದನ್ನು ಸುಮ್ನೆ ಬಿಡುತ್ತಾ? ರಿಬ್‌ಗಳು (ರೆಕ್ಕೆಯ ಅಡ್ಡ ಪಟ್ಟಿಗಳು) ಸ್ಪಾರ್‌ಗೆ (ಉದ್ದದ ಮುಖ್ಯ ಕಡ್ಡಿಗೆ) ಅಂಟಿದ್ದ ಜಾಗವೆಲ್ಲ ಮೆತ್ತಗಾಯಿತು. ಎತ್ತಿದರೆ ರೆಕ್ಕೆ ಜೋತು ಬಿತ್ತು. ಗಾಬರಿಯಲ್ಲಿ ಅದನ್ನು ಸಪಾಟು ಹಲಗೆ ಮೇಲೆ ಒತ್ತಿ, ಗುಂಡುಸೂಜಿ ಚುಚ್ಚಿ ಒಣಗಲು ಬಿಟ್ಟೆ. ಒಣಗಿತು, ನೆಟ್ಟಗೂ ಆಯಿತು. ಮೊದಲು ಎರಡೂ ತುದಿಯಲ್ಲಿ ಹಿಂದಿನ ಅಂಚು ಸ್ವಲ್ಪ ಮೇಲೆದ್ದಿತ್ತು. ತೇವಕ್ಕೆ ಸೊಟ್ಟಗಾಗಿದೆ ಅಂದುಕೊಂಡಿದ್ದೆ, ಅದೂ ಸರಿಹೋಯಿತು ಅಂತ ಬೀಗಿದೆ.

ಅದು ಸೊಟ್ಟ ಅಲ್ಲ, ವಾಶ್‌ಔಟ್. ಕಟ್ಟುವಾಗ ಬೇಕೆಂದೇ ಕೊಡುವ ತಿರುಚು. ತುದಿ ಗಾಳಿಗೆ ಕಡಿಮೆ ಕೋನದಲ್ಲಿದ್ದರೆ, ವೇಗ ತಗ್ಗಿದಾಗ ರೆಕ್ಕೆಯ ಬುಡ ಮೊದಲು ಎತ್ತುವ ಬಲ ಕಳೆದುಕೊಳ್ಳುತ್ತದೆ, ತುದಿ ಆಮೇಲೆ. ವಿಮಾನ ಮೂಗು ತಗ್ಗಿಸಿ ಸುಧಾರಿಸಿಕೊಳ್ಳುತ್ತದೆ. ತಿರುಚು ಇಲ್ಲದಿದ್ದರೆ ಒಂದು ತುದಿ ಮೊದಲು ಕೈಕೊಡುತ್ತದೆ, ವಿಮಾನ ಆ ಕಡೆಗೇ ಮಗುಚುತ್ತದೆ. ಹಬ್ಬದ ದಿನ ಎಲ್ಲರೂ ಹೊಗಳಿದರು. ಕುಯಿಲು ಮುಗಿದ ಮೇಲೆ ಗದ್ದೆಯಲ್ಲಿ ಹಾರಿಸಿದೆವು, ಇಳಿಸಲು ವೇಗ ತಗ್ಗಿಸುತ್ತಿದ್ದ ಹಾಗೆ ಎಡ ತುದಿ ಕುಸಿದು, ಗಿರಕಿ ಹೊಡೆದು, ಮೂಗು ನೆಲಕ್ಕೆ. ಸ್ಪಾರ್ ಎರಡು ತುಂಡು. ದೊಡ್ಡಪ್ಪ ಬೈಯಲಿಲ್ಲ. ಮುರಿದ ರೆಕ್ಕೆಯನ್ನು ಕಣ್ಣ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, “ತಿರುಚು ಎಲ್ಲಿ ಹೋಯ್ತು ಮಗಾ?” ಅಂದರು.

ಈಗ ನಿಮ್ಮ ವಿಷಯ. ಪೂರ್ತಿ ಯಾಕೆ ಕೀಳಬೇಕು? ಗೋಡೆಗೆ ತೂಗುಹಾಕುವುದಾದರೆ ತೂತಿಗೆ ತೇಪೆ ಹಾಕಿ ಬಿಡಿ. ಹಾರಿಸುವುದಾದರೂ ರಿಬ್‌ಗಳ ನಡುವಿನ ಖಾಲಿ ಜಾಗದ ಟಿಶ್ಯೂ ಮಾತ್ರ ಹೊಸ ಬ್ಲೇಡಿನಲ್ಲಿ ಕತ್ತರಿಸಿ ತೆಗೆಯಿರಿ. ಮರಕ್ಕೆ ಗಟ್ಟಿಯಾಗಿ ಹಿಡಿದಿರುವುದು ಇರಲಿ, ನಯವಾದ ಸ್ಯಾಂಡ್ ಪೇಪರಿನಲ್ಲಿ ಹಗುರಾಗಿ ಉಜ್ಜಿದರೆ ಹೊಸ ಟಿಶ್ಯೂ ಅದರ ಮೇಲೇ ಕೂರುತ್ತದೆ. ಮಾಸ್ಕ್ ಹಾಕಿಕೊಳ್ಳಿ, ಹಳೆ ಬಣ್ಣದಲ್ಲಿ ಸೀಸ ಇರಬಹುದು. ಬ್ಲೇಡ್ ಹಿಡಿಯುವ ಮೊದಲೇ ಅಕ್ಷರ, ಗುರುತುಗಳನ್ನು ಟ್ರೇಸಿಂಗ್ ಪೇಪರಿಗೆ ಇಳಿಸಿಕೊಳ್ಳಿ. ರೆಕ್ಕೆಯನ್ನು ಹಲಗೆ ಮೇಲಿಟ್ಟು, ಹಿಂದಿನ ಅಂಚು ಎಷ್ಟು ಮಿಲಿಮೀಟರ್ ಎದ್ದಿದೆ ಅಂತ ಅಳೆದು, ಅಷ್ಟೇ ದಪ್ಪದ ಮರದ ಚೂರು ಅಡಿಗಿಟ್ಟು, ಹಾಗೆಯೇ ಪಿನ್ ಮಾಡಿ ಕೆಲಸ ಮಾಡಿ. ಮೇಲಿನ ಮೈ ಮುಗಿಸಿ ಹೊಸದು ಹಾಕಿದ ಮೇಲೆಯೇ ಕೆಳಗಿನದಕ್ಕೆ ಕೈ ಹಾಕಿ. ಹೊದಿಕೆಯ ಬಿಗಿಯೇ ರೆಕ್ಕೆಯನ್ನು ಹಿಡಿದಿಟ್ಟಿರುತ್ತದೆ.

ಹೀಟ್ ಗನ್ ಮೋನೋಕೋಟ್, ಸೋಲಾರ್‌ಫಿಲ್ಮ್ ಥರದ ಅಂಟುವ ಪ್ಲಾಸ್ಟಿಕ್ ಫಿಲ್ಮ್‌ಗೆ ಮಾತ್ರ. ಅದನ್ನು ಹದವಾಗಿ ಬಿಸಿ ಮಾಡಿ, ಹಿಂದಕ್ಕೆ ಮಡಚಿ, ಮರದ ನಾರಿನ ಉದ್ದಕ್ಕೆ ಎಳೆದರೆ ಬರುತ್ತದೆ. ಡೋಪ್ ಬಳಿದ ಟಿಶ್ಯೂಗೆ ಬೇಡವೇ ಬೇಡ, ಹಳೆ ಪಿಂಗ್‌ಪಾಂಗ್ ಚೆಂಡುಗಳ ಸೆಲ್ಯುಲಾಯ್ಡ್‌ನಲ್ಲಿರುವುದೂ ನೈಟ್ರೋಸೆಲ್ಯುಲೋಸೇ, ಭಗ್ ಅಂತ ಹತ್ತಿಕೊಳ್ಳುತ್ತದೆ. ಯಾವುದು ಅಂತ ಗೊತ್ತಾಗದಿದ್ದರೆ ಮೂಲೆಯಲ್ಲಿ ಹತ್ತಿಕಡ್ಡಿಯಿಂದ ಅಸಿಟೋನ್ ಮುಟ್ಟಿಸಿ. ಅಂಟಂಟಾದರೆ ಅಲ್ಲಿರುವುದು ಡೋಪ್ ಅಂತಲೇ ತಿಳಿದು ನಡೆಯಿರಿ. ಹಟ ಹಿಡಿದ ಚೂರಿಗೂ ಅದೇ ಹತ್ತಿಕಡ್ಡಿ, ಜೋಡಣೆಗಳಿಂದ ದೂರ, ಜಗಲಿಯಲ್ಲಿ ಕೂತು. ಒಲೆ, ಬೀಡಿ ಹತ್ತಿರ ಬೇಡ. ಒದ್ದೆ ಚಿಂದಿಯನ್ನು ರಾಶಿ ಹಾಕಬೇಡಿ, ಹೊರಗೆ ಹರಡಿ.

ಇನ್ನೊಂದು, ಮಳೆಗಾಲದಲ್ಲಿ ಹೊಸ ಡೋಪ್ ಬಳಿಯಬೇಡಿ. ಅದು ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಹಿಡಿಯುತ್ತದೆ, ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಕಣದಲ್ಲಿ ಕಾಫಿ ಒಣಗಿಸುವ ಹೊತ್ತಿನವರೆಗೆ ಕಾಯಿರಿ.

ಸದ್ಯಕ್ಕೆ ಏನೂ ಕೀಳದೆ ಫೋಟೋ ಹಾಕಿ. ಮೇಲಿಂದ ತೆಗೆದದ್ದು ಬೇಡ, ರೆಕ್ಕೆಯ ತುದಿಯಿಂದ ಬುಡದ ಕಡೆಗೆ ನೋಡಿ ತೆಗೆದದ್ದು, ಎರಡೂ ಕಡೆಯದು.